ಕಲ್ಯಾಣಯಾತ್ರೆಯ ಸಾರ್ಥಕತೆ

ಮನೆ ಬಿಟ್ಟು ಹೊರಟವನು ಎರಡು ಬಗೆಯಾಗಿ ಹಿಂದಿರುಗಬಹುದು. ಹೋದವನು ಹೋದಂತೆಯೇ ಮರಳಿ ಬರುವುದು ಒಂದು ಬಗೆ. ಹೋದವನೊಬ್ಬ, ಬಂದವನು ಮತ್ತೊಬ್ಬ ಎನ್ನಿಸುವಂತೆ ಬರುವುದು ಇನ್ನೊಂದು ಬಗೆ. ಮೊದಲನೆಯದು ಸಂಚಾರ, ಎರಡನೆಯದು ಯಾತ್ರೆ. ಕಾಲು ನಡೆದ ದೂರವು ಎರಡರಲ್ಲಿಯೂ ಒಂದೇ ಆಗಿರಬಹುದು. ವೆಚ್ಚವಾದ ಹಣವೂ ಒಂದೇ ಆಗಿರಬಹುದು. ಭೇದವಿರುವುದು ಮನಸ್ಸು ನಡೆದ ದೂರದಲ್ಲಿ.

ಶರಣರ ನಾಡಾದ ಕಲ್ಯಾಣಕ್ಕೆ ಹೋಗಿಬರುವುದು ಇಂದು ಹಿಂದೆಂದಿಗಿಂತಲೂ ಸುಲಭವಾಗಿದೆ. ಪುಣೆಯಿಂದ ಹೈದರಾಬಾದಿಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯು ಹುಮನಾಬಾದನ್ನು ಹಾದುಹೋಗುತ್ತದೆ. ಬೀದರಿನಿಂದ ಕಲಬುರಗಿ, ವಿಜಯಪುರಗಳ ಕಡೆಗೆ ಹೋಗುವ 50ನೆಯ ಹೆದ್ದಾರಿಯು ಅದನ್ನು ಅಲ್ಲಿಯೇ ಸಂಧಿಸುತ್ತದೆ. ಬೀದರ-ಕಲಬುರಗಿ ರೈಲುಮಾರ್ಗವು 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಮೇಲೆ ಹುಮನಾಬಾದಿನವರೆಗೆ ರೈಲಿನಲ್ಲಿಯೂ ಬರಬಹುದು. ಅಲ್ಲಿಂದ ಸಸ್ತಾಪುರ ಬಂಗ್ಲಾದ ಹಾದಿಯಾಗಿ ಬಸವಕಲ್ಯಾಣವು ಸುಮಾರು 30 ಕಿಲೋಮೀಟರು ಮಾತ್ರ. 2023ರ ಜೂನ್ ತಿಂಗಳಲ್ಲಿ ಶಕ್ತಿ ಯೋಜನೆಯು ಜಾರಿಗೆ ಬಂದಂದಿನಿಂದ ಕರ್ನಾಟಕದ ಹೆಣ್ಣುಮಕ್ಕಳಿಗೆ ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟಿನ ಹಣದ ಚಿಂತೆಯೂ ತಪ್ಪಿದೆ. ಬಸವಣ್ಣನವರ ಹೆಸರನ್ನು ಬಾಳಿನುದ್ದಕ್ಕೂ ನೆನೆದರೂ ಕಲ್ಯಾಣವನ್ನು ಕಾಣಲಾಗದೆ ಇದ್ದ ಎಷ್ಟೋ ಮಂದಿ ಅಜ್ಜಿಯಂದಿರಿಗೆ ಇದರಿಂದ ದಾರಿ ತೆರೆದಂತಾಗಿದೆ. ಇದು ಸಂತೋಷದ ಸಂಗತಿಯೇ ಸರಿ.

ಆದರೆ ದಾರಿ ಸುಲಭವಾದಷ್ಟೂ ಯಾತ್ರೆ ಸಾರ್ಥಕವಾಗುವುದೆಂಬ ಭರವಸೆಯಿಲ್ಲ. ಬೆಳಿಗ್ಗೆ ಬಸ್ಸಿನಿಂದಿಳಿದು, ಕೋಟೆ, ಗವಿ, ಕೆರೆ, ಮಂಟಪಗಳನ್ನು ಒಂದರ ಹಿಂದೊಂದು ಸುತ್ತಿ, ಪ್ರತಿಯೊಂದರ ಮುಂದೆ ನಿಂತು ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡು, ಸಂಜೆಗೆ ಮರಳಿ ಬಸ್ಸನ್ನೇರುವವರು ಬಹಳ ಮಂದಿ. ಮನೆಗೆ ಬಂದ ಮೇಲೆ ಎಷ್ಟು ಸ್ಥಳಗಳನ್ನು ನೋಡಿದೆವೆಂಬ ಲೆಕ್ಕ ಮಾತ್ರ ಉಳಿಯುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಆ ಲೆಕ್ಕವೂ ಮರೆತುಹೋಗುತ್ತದೆ. ಹೀಗೇಕೆ ಆಗುತ್ತದೆ? ಯಾತ್ರೆಯು ನೆನಪಿನಲ್ಲಿ ನಿಲ್ಲಬೇಕಾದರೆ, ಬಾಳಿನಲ್ಲಿ ಫಲಿಸಬೇಕಾದರೆ ಏನು ಮಾಡಬೇಕು? ಸದ್ಭಕ್ತರೆಲ್ಲರೂ ವಿಚಾರಿಸಬೇಕಾದ ಪ್ರಶ್ನೆಯಿದು.

ಈ ಪ್ರಶ್ನೆಗೆ ಉತ್ತರವನ್ನು ಅರಸುವ ಮುನ್ನ ಇನ್ನೊಂದು ಆಕ್ಷೇಪಣೆಯನ್ನು ಎದುರಿಸಬೇಕಾಗುತ್ತದೆ. ಶರಣರು ತೀರ್ಥಯಾತ್ರೆಯನ್ನು ಹೊಗಳಿದವರಲ್ಲ. ಮನಸ್ಸಿನ ಮೈಲಿಗೆಯನ್ನು ತೊಳೆಯದೆ ಹೊಳೆಯಲ್ಲಿ ಮುಳುಗಿದರೆ ಫಲವಿಲ್ಲವೆಂದು ಅವರು ಬಗೆಬಗೆಯಾಗಿ ಹೇಳಿದ್ದಾರೆ. ಇಷ್ಟಲಿಂಗವು ಭಕ್ತನ ಅಂಗದ ಮೇಲೆಯೇ ಇದೆ. ಅದನ್ನು ಕರಸ್ಥಲದಲ್ಲಿ ಇರಿಸಿಕೊಂಡು ಪೂಜಿಸುವವನಿಗೆ ದೇವರು ಒಂದು ಊರಿನಲ್ಲಿದ್ದಾನೆ, ಮತ್ತೊಂದು ಊರಿನಲ್ಲಿಲ್ಲ ಎಂಬ ಮಾತಿಗೆ ಅರ್ಥವೇ ಇಲ್ಲ. ಹೀಗಿರುವಾಗ ಲಿಂಗವಂತನು ಕಲ್ಯಾಣಕ್ಕೇ ಆಗಲಿ ಹೋಗಬೇಕಾದುದೇಕೆ? ಕಾಶಿ, ಶ್ರೀಶೈಲಗಳ ಸ್ಥಾನದಲ್ಲಿ ಕಲ್ಯಾಣವನ್ನು ಕೂರಿಸಿದರೆ ಶರಣರು ಅಳಿಸಿದುದನ್ನೇ ಮತ್ತೆ ಬರೆದಂತಾಗಲಿಲ್ಲವೆ?

ಈ ಆಕ್ಷೇಪಣೆಯು ಸಾಧಾರಣವಾದುದಲ್ಲ. ಇದಕ್ಕೆ ಸಮಾಧಾನವು ಶರಣರ ನಡೆಯಲ್ಲಿಯೇ ದೊರೆಯುತ್ತದೆ. ತೀರ್ಥಯಾತ್ರೆಯನ್ನು ಒಪ್ಪದ ಅದೇ ಶರಣರು ತಮ್ಮ ಬಾಳಿನಲ್ಲಿ ಬಹುದೂರ ನಡೆದವರಾಗಿದ್ದರು. ಬಸವಣ್ಣನವರು ಬಾಗೇವಾಡಿಯ ಸೀಮೆಯನ್ನು ಬಿಟ್ಟು ಕೂಡಲಸಂಗಮಕ್ಕೆ ಹೋದರು. ಅಲ್ಲಿಂದ ಮಂಗಳವೇಢೆಗೆ, ಮಂಗಳವೇಢೆಯಿಂದ ಕಲ್ಯಾಣಕ್ಕೆ ಬಂದರು. ಅಕ್ಕಮಹಾದೇವಿಯವರು ಮಲೆನಾಡಿನ ಉಡುತಡಿಯಿಂದ ಹೊರಟು ಏಕಾಂಗಿಯಾಗಿ ಕಲ್ಯಾಣವನ್ನು ಸೇರಿದರು. ಸಿದ್ಧರಾಮೇಶ್ವರರು ಸೊನ್ನಲಿಗೆಯಿಂದ ಬಂದರು. ಆಯ್ದಕ್ಕಿ ಮಾರಯ್ಯನವರೂ ಲಕ್ಕಮ್ಮನವರೂ ಅಮರೇಶ್ವರದ ಕಡೆಯಿಂದ ಬಂದರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸುತನವನ್ನು ತೊರೆದು ಮಡದಿ ಮಹಾದೇವಿಯಮ್ಮನವರೊಡನೆ ಬಂದರೆಂಬುದು ಪರಂಪರೆಯ ನಂಬುಗೆ. ಇವರಲ್ಲಿ ಒಬ್ಬರಾದರೂ ಕಲ್ಯಾಣದ ಕಲ್ಲನ್ನಾಗಲಿ ನೀರನ್ನಾಗಲಿ ಅರಸಿ ಬಂದವರಲ್ಲ. ಅವರು ಬಂದುದು ಶರಣರ ಸಂಗಕ್ಕಾಗಿ.

ಶಿವನನ್ನು ಕಾಣಲು ಯಾತ್ರೆ ಬೇಕಿಲ್ಲ. ಶಿವಶರಣರನ್ನು ಕಾಣಲು ಬೇಕು. ದೇವರು ಇದ್ದಲ್ಲಿಯೇ ದೊರೆಯುತ್ತಾನೆ, ಆದರೆ ಮನುಷ್ಯನನ್ನು ಕಾಣಬೇಕಾದರೆ ಅವನಿದ್ದಲ್ಲಿಗೆ ನಡೆದುಹೋಗಬೇಕು. ಸ್ಥಾವರ, ಜಂಗಮ ಎಂಬ ಎರಡು ಪದಗಳ ನಡುವಣ ಅಂತರವನ್ನು ಬಲ್ಲವರಿಗೆ ಇದರ ಮರ್ಮವು ತಾನೇ ತಿಳಿಯುವುದು. ನಿಂತದ್ದು ಸ್ಥಾವರ, ನಡೆಯುವುದು ಜಂಗಮ. ಸ್ಥಾವರವನ್ನು ನೋಡಲು ಹೋದವನ ಯಾತ್ರೆಯು ನೋಡಿದಲ್ಲಿಗೆ ಮುಗಿಯುತ್ತದೆ. ಜಂಗಮವನ್ನು ಕೂಡಲು ಹೋದವನ ಯಾತ್ರೆಯು ಕೂಡಿದಲ್ಲಿಂದ ತೊಡಗುತ್ತದೆ.

ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಶರಣರು ಕಲ್ಯಾಣಕ್ಕೆ ಬಂದುದು ನೋಡುವುದಕ್ಕಿಂತ ಹೆಚ್ಚಾಗಿ ಪರೀಕ್ಷೆಗೆ ಒಳಗಾಗುವುದಕ್ಕೆ. ಅಕ್ಕಮಹಾದೇವಿಯವರು ಅನುಭವಮಂಟಪಕ್ಕೆ ಬಂದಾಗ ಅಲ್ಲಮಪ್ರಭುಗಳು ಅವರನ್ನು ಒಡನೆಯೇ ಒಳಗೆ ಕರೆದುಕೊಳ್ಳಲಿಲ್ಲ; ಕಠಿಣವಾದ ಪ್ರಶ್ನೆಗಳಿಂದ ಅವರ ವೈರಾಗ್ಯವನ್ನು ಒರೆಗೆ ಹಚ್ಚಿದರು. ಶೂನ್ಯಸಂಪಾದನೆಯಲ್ಲಿ ಬರುವ ಈ ಸಂವಾದವು ಎಲ್ಲರಿಗೂ ತಿಳಿದುದೇ ಆಗಿದೆ. ಸಿದ್ಧರಾಮೇಶ್ವರರು ಸೊನ್ನಲಿಗೆಯಲ್ಲಿ ಕೆರೆಯನ್ನು ಕಟ್ಟಿಸುತ್ತಿದ್ದಾಗ ಪ್ರಭುಗಳು ಅಲ್ಲಿಗೆ ಬಂದು, ಹೊರಗಣ ಕೆರೆಯನ್ನು ಕಟ್ಟುವವನು ಒಳಗಣ ಕಟ್ಟೆಯನ್ನು ಕಟ್ಟಿದನೇ ಎಂದು ವಿಚಾರಿಸುವಂತೆ ಮಾಡಿ ಕಲ್ಯಾಣಕ್ಕೆ ಕರೆತಂದರು. ಕಲ್ಯಾಣವೆಂಬುದು ಬಂದವರನ್ನು ಪ್ರಶ್ನಿಸುವ ಊರಾಗಿದ್ದಿತು. ಇಂದು ಹೋಗುವವನೂ ಆ ಪ್ರಶ್ನೆಗಳಿಗೆ ಕಿವಿಗೊಟ್ಟರೆ ಅವನ ಯಾತ್ರೆ ಮರೆತುಹೋಗುವುದಿಲ್ಲ. ಹಿತವಾದುದನ್ನು ಮನಸ್ಸು ಬೇಗ ಮರೆಯುತ್ತದೆ. ತನ್ನನ್ನು ಕಲಕಿದುದನ್ನು ಎಂದಿಗೂ ಮರೆಯುವುದಿಲ್ಲ.

ಆ ಪ್ರಶ್ನೆಗಳು ಕಲ್ಯಾಣವನ್ನು ಸೇರುವ ಮೊದಲೇ, ಹುಮನಾಬಾದಿನಲ್ಲಿಯೇ ತೊಡಗುತ್ತವೆ. ಹಲವರ ಪಾಲಿಗೆ ಈ ಊರು ಬಸ್ಸನ್ನು ಬದಲಿಸುವ ಸ್ಥಳ ಮಾತ್ರ. ಆದರೆ ಇಲ್ಲಿಯ ವೀರಭದ್ರೇಶ್ವರ ದೇವಸ್ಥಾನದ ಜಾತ್ರೆಗೆ ವರ್ಷವರ್ಷವೂ ಜನವರಿ ತಿಂಗಳಲ್ಲಿ ಸುತ್ತಣ ಜನರೆಲ್ಲ ಕೂಡುತ್ತಾರೆ. ಊರಿಗೆ ಹೊಂದಿಕೊಂಡಂತೆ ಮಾಣಿಕನಗರವಿದೆ. 1817ರಲ್ಲಿ ಕಲ್ಯಾಣದ ಸಮೀಪದ ಲಾಡವಂತಿಯಲ್ಲಿ ಜನಿಸಿ 1865ರಲ್ಲಿ ಸಮಾಧಿಸ್ಥರಾದ ಮಾಣಿಕಪ್ರಭುಗಳು ನೆಲೆಸಿದ ಸ್ಥಳವದು. ಅವರು ನಡೆಸಿದ ಸಂಪ್ರದಾಯಕ್ಕೆ ಸಕಲಮತವೆಂದೇ ಹೆಸರು. ಕನ್ನಡ, ಮರಾಠಿ, ಉರ್ದು, ತೆಲುಗು ಈ ನಾಲ್ಕೂ ನುಡಿಗಳು ಬೆರೆತು ಕೇಳಿಬರುವ ಸೀಮೆಯಿದು. ಇಲ್ಲಿಯ ನಿಲ್ದಾಣದಲ್ಲಿ ಅರ್ಧ ಗಂಟೆ ಕುಳಿತವನು ತನ್ನ ಮಾತು, ತನ್ನ ಮತ, ತನ್ನ ಊಟಗಳಿಗಿಂತ ಬೇರೆಯಾದುದನ್ನು ಹೇಗೆ ಕಾಣುತ್ತಾನೆ? ಪಕ್ಕದಲ್ಲಿ ಕುಳಿತವನನ್ನು ಇವನಾರವನೆಂದು ಅಳೆಯುವನೋ, ನಮ್ಮವನೆಂದು ಜಾಗ ಬಿಡುವನೋ? ಕಲ್ಯಾಣದ ಪಾಠವನ್ನು ಕಲಿಯಲು ಹೊರಟವನಿಗೆ ಇದು ಮೊದಲನೆಯ ಪರೀಕ್ಷೆ. ಇದರಲ್ಲಿ ಸೋತವನು ಮುಂದೆ ಎಷ್ಟು ಗವಿಗಳನ್ನು ಹೊಕ್ಕರೂ ಫಲವಿಲ್ಲ.

ಹುಮನಾಬಾದ ತಾಲ್ಲೂಕಿನ ಜಲಸಂಗ್ವಿಯಲ್ಲಿ ಚಾಲುಕ್ಯರ ಕಾಲದ ಒಂದು ದೇವಾಲಯವಿದೆ. ಅದರ ಹೊರಗೋಡೆಯ ಮೇಲೆ ನಿಂತಿರುವ ಒಬ್ಬ ಶಿಲಾಬಾಲಿಕೆಯು ಆರನೆಯ ವಿಕ್ರಮಾದಿತ್ಯನ ಕೀರ್ತಿಯನ್ನು ಬರೆಯುತ್ತಿರುವಂತೆ ಶಿಲ್ಪಿಯು ಕೆತ್ತಿದ್ದಾನೆ. 1076ರಿಂದ 1126ರವರೆಗೆ ಐವತ್ತು ವರ್ಷ ಕಲ್ಯಾಣದಿಂದ ಆಳಿದ ಆ ಚಕ್ರವರ್ತಿಯು ತನ್ನ ಹೆಸರಿನಲ್ಲಿಯೇ ಒಂದು ಶಕವನ್ನು ನಡೆಸಿದನು. ಅವನ ಆಸ್ಥಾನದಲ್ಲಿ ಬಿಲ್ಹಣನು ಕಾವ್ಯವನ್ನೂ ವಿಜ್ಞಾನೇಶ್ವರನು ಮಿತಾಕ್ಷರೆಯನ್ನೂ ಬರೆದರು. ಆ ವೈಭವವೆಲ್ಲ ಇಂದು ಎಲ್ಲಿ? ಶಕವು ನಿಂತುಹೋಯಿತು, ಅರಮನೆಯು ಮಣ್ಣುಪಾಲಾಯಿತು. ಅದೇ ಕಲ್ಯಾಣದಲ್ಲಿ ಕೆಲವೇ ದಶಕಗಳ ಮೇಲೆ ಹಗ್ಗ ಹೊಸೆದವನು, ಸೌದೆ ಮಾರಿದವನು, ಬಟ್ಟೆ ಒಗೆದವನು ಆಡಿದ ಮಾತುಗಳು ಇಂದಿಗೂ ಮನೆಮನೆಗಳಲ್ಲಿ ಕೇಳಿಬರುತ್ತಿವೆ. ಜಲಸಂಗ್ವಿಯ ಶಿಲ್ಪವನ್ನು ಕಂಡು ಅದರ ಸೌಂದರ್ಯಕ್ಕೆ ಬೆರಗಾಗುವುದು ಸಹಜವೇ. ಆದರೆ ಬಾಳಿನಲ್ಲಿ ಯಾವುದು ಉಳಿಯುವಂಥದು, ತಾನು ಯಾವುದಕ್ಕಾಗಿ ದುಡಿಯುತ್ತಿರುವೆನು ಎಂಬ ವಿಚಾರವೂ ಅಲ್ಲಿ ಮೂಡಬೇಕು.

ಅದೇ ತಾಲ್ಲೂಕಿನ ಮೊಳಕೇರಾ ಗ್ರಾಮವು ಮೋಳಿಗೆಯ ಮಾರಯ್ಯನವರ ನೆನಪನ್ನು ಹೊತ್ತು ನಿಂತಿದೆ. ಕಾಡಿನಿಂದ ಸೌದೆಯನ್ನು ತಂದು ಮಾರಿ, ಬಂದುದರಲ್ಲಿ ಜಂಗಮದಾಸೋಹವನ್ನು ನಡೆಸುತ್ತಿದ್ದ ಆ ದಂಪತಿಗಳ ಬಡತನವನ್ನು ಕಂಡು, ಬಸವಣ್ಣನವರು ಯಾರಿಗೂ ತಿಳಿಯದಂತೆ ಅವರ ಮನೆಯಲ್ಲಿ ಹೊನ್ನನ್ನು ಇರಿಸಿಬಂದರೆಂದೂ, ಮಾರಯ್ಯನವರು ಅದನ್ನು ತಮಗೆಂದು ಉಳಿಸಿಕೊಳ್ಳದೆ ಜಂಗಮರಿಗೆ ಹಂಚಿಬಿಟ್ಟರೆಂದೂ ಕಥೆಯುಂಟು. ಸ್ವತಃ ಬಸವಣ್ಣನವರಿಂದ ಬಂದುದಾದರೂ ದುಡಿಯದೆ ಬಂದುದು ಬೇಡವೆಂದ ಆ ಮನೆಯ ನೆಲದ ಮೇಲೆ ನಿಂತಾಗ, ಗೃಹಸ್ಥನಾದವನು ತನ್ನ ಮನೆಯಲ್ಲಿರುವ ಹಣದಲ್ಲಿ ಕಾಯಕದಿಂದ ಬಂದುದೆಷ್ಟು, ಹಾಗಲ್ಲದುದೆಷ್ಟು ಎಂದು ಲೆಕ್ಕ ಹಾಕದಿರಲಾರನು.

ಹೀಗೆ ಸಿದ್ಧವಾದ ಮನಸ್ಸಿನೊಡನೆ ಕಲ್ಯಾಣವನ್ನು ಹೊಕ್ಕವನಿಗೆ ಅಲ್ಲಿಯ ಒಂದೊಂದು ಸ್ಥಳವೂ ಬಾಯಿ ಬಂದಂತೆ ಮಾತನಾಡುತ್ತದೆ. ತ್ರಿಪುರಾಂತಕ ಕೆರೆಯ ದಡದಲ್ಲಿ ನಿಂತರೆ ನುಲಿಯ ಚಂದಯ್ಯನವರು ನೆನಪಾಗುತ್ತಾರೆ. ಹಗ್ಗಕ್ಕೆಂದು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಅವರು ಕಾಯಕವನ್ನು ನಿಲ್ಲಿಸಲಿಲ್ಲವೆಂಬುದು ಪ್ರಸಿದ್ಧವಾದ ಕಥೆ. ಭಾಲ್ಕಿಯ ಚನ್ನಬಸವ ಪಟ್ಟದ್ದೇವರ ಪರಿಶ್ರಮದಿಂದ ಎದ್ದುನಿಂತ ಅನುಭವಮಂಟಪವಿದೆ. ಹೊಸ ಅನುಭವಮಂಟಪಕ್ಕೆ 2021ರ ಜನವರಿ 6ರಂದು ಅಡಿಗಲ್ಲನ್ನು ಇಡಲಾಯಿತು. 770 ಅಮರಗಣಂಗಳ ನೆನಪಿಗಾಗಿ ಅದರಲ್ಲಿ 770 ಕಂಬಗಳಿರಬೇಕೆಂಬುದು ಯೋಜನೆ. ಕಂಬಗಳನ್ನು ಎಣಿಸುವುದು ಸುಲಭ. ಬೇರೆ ಬೇರೆ ಕಾಯಕದ ಅಷ್ಟು ಮಂದಿ ಸರಿಸಮನಾಗಿ ಕುಳಿತು, ಒಬ್ಬರ ಮಾತನ್ನು ಒಬ್ಬರು ಕೇಳಿದರಲ್ಲ, ಆ ಕೇಳುವಿಕೆಯನ್ನು ತನ್ನ ಮನೆಯ ಜಗಲಿಯ ಮೇಲೆ ನಡೆಸುವುದು ಕಷ್ಟ. ಸೊಸೆಯ ಮಾತನ್ನು, ಆಳಿನ ಮಾತನ್ನು, ಕಿರಿಯರ ಮಾತನ್ನು ಪೂರ್ತಿಯಾಗಿ ಕೇಳದವನಿಗೆ ಅನುಭವಮಂಟಪದ ದರ್ಶನವಾಯಿತೆಂದು ಹೇಳಬರುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆಯನ್ನು ಕೇಳುವುದು ಹರಳಯ್ಯನವರ ನೆಲೆ. ಸಮಗಾರ ಕಾಯಕದ ಹರಳಯ್ಯನವರು ದಾರಿಯಲ್ಲಿ ಬಸವಣ್ಣನವರಿಗೆ ಒಮ್ಮೆ ಶರಣೆಂದರು. ಬಸವಣ್ಣನವರು ಎರಡು ಬಾರಿ ಶರಣೆಂದರು. ಆ ಹೆಚ್ಚಿನ ಒಂದು ಶರಣಿನ ಋಣವನ್ನು ಹೇಗೆ ತೀರಿಸಲೆಂದು ಹರಳಯ್ಯ, ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಮಾಡಿ ತಂದರೆಂದು ಪರಂಪರೆಯು ಹೇಳುತ್ತದೆ. ಮುಂದೆ ಅವರ ಮಗನಿಗೆ ಬ್ರಾಹ್ಮಣ ಕುಲದಿಂದ ಬಂದ ಶರಣ ಮಧುವರಸರ ಮಗಳನ್ನು ಕೊಟ್ಟು ಮದುವೆಯಾಯಿತು. ಅದಕ್ಕಾಗಿ ಇಬ್ಬರು ತಂದೆಯರೂ ಪ್ರಾಣವನ್ನು ತೆತ್ತರು. ಈ ನೆಲೆಯಲ್ಲಿ ಕೈಮುಗಿದು ಕಣ್ಣೀರಿಡುವವರು ಇಂದಿಗೂ ಇದ್ದಾರೆ. ಆದರೆ ಅವರು ಊರಿಗೆ ಮರಳಿದ ಮೇಲೆ, ಹರಳಯ್ಯನವರ ಕುಲದವರು ಮನೆಗೆ ಬಂದರೆ ಒಳಗೆ ಕರೆದು ಕೂರಿಸುವರೆ? ಅವರಿಗೆ ನೀರು ಕೊಡುವ ಲೋಟ ಬೇರೆಯಾಗಿದೆಯೆ? ಮಕ್ಕಳ ಮದುವೆಯ ಮಾತು ಬಂದಾಗ ಲಿಂಗವಂತರಲ್ಲಿಯೇ ಒಳಪಂಗಡಗಳನ್ನು ಹುಡುಕುವರೆ? ಈ ಪ್ರಶ್ನೆಗಳಿಗೆ ಉತ್ತರ ಕೊಡಲಾಗದವನು ಕಲ್ಯಾಣಕ್ಕೆ ಹತ್ತು ಸಾರಿ ಹೋದರೂ ಅವನ ಯಾತ್ರೆಯು ಇನ್ನೂ ಹುಮನಾಬಾದಿನ ನಿಲ್ದಾಣವನ್ನು ದಾಟಿಲ್ಲವೆಂದೇ ತಿಳಿಯಬೇಕು.

ಈಗ ಗೃಹಸ್ಥರಾದವರು ಯಾತ್ರೆಯನ್ನು ಸಾರ್ಥಕಗೊಳಿಸುವ ಬಗೆಯನ್ನು ವಿಚಾರಿಸಬಹುದು. ಅರಿವು, ಆಚಾರ, ಅನುಭಾವ ಎಂಬ ಮೂರು ಮಾತುಗಳಲ್ಲಿ ಅದೆಲ್ಲವೂ ಅಡಗಿದೆ.

ಹೊರಡುವ ಮೊದಲು ಅರಿವು ಬೇಕು. ಹೊರಡಲು ಒಂದು ವಾರವಿರುವಾಗಲೇ ಮನೆಯ ಒಬ್ಬೊಬ್ಬರೂ ಒಬ್ಬ ಶರಣರನ್ನೋ ಶರಣೆಯನ್ನೋ ಆರಿಸಿಕೊಂಡು, ಅವರ ಕೆಲವು ವಚನಗಳನ್ನು ದಿನವೂ ಓದಿ ಮನನ ಮಾಡುವುದು ಒಳ್ಳೆಯದು. ಮಕ್ಕಳಿಗೂ ಇದನ್ನು ಒಪ್ಪಿಸಬೇಕು. ಗುರುತಿಲ್ಲದ ಊರಿಗೆ ಹೋದವನು ಬೀದಿಗಳನ್ನು ಕಾಣುತ್ತಾನೆ. ಬಂಧುಗಳಿರುವ ಊರಿಗೆ ಹೋದವನು ಮನೆಗಳನ್ನು ಕಾಣುತ್ತಾನೆ. ಚಂದಯ್ಯನವರನ್ನು ಮೊದಲೇ ಬಲ್ಲ ಬಾಲಕನಿಗೆ ಕೆರೆಯು ಬರಿಯ ನೀರಾಗಿ ತೋರದು.

ದಾರಿಯಲ್ಲಿ ಆಚಾರ ಬೇಕು. ಯಾತ್ರಿಕನು ಹೋದ ಊರಿಗೆ ಭಾರವಾಗಬಾರದು. ದಾಸೋಹದಲ್ಲಿ ಉಂಡವನು ಪಂಕ್ತಿಗೆ ಬಡಿಸುವುದಕ್ಕೋ ಎಲೆ ಎತ್ತುವುದಕ್ಕೋ ಸ್ವಲ್ಪ ಹೊತ್ತು ನಿಂತರೆ ಆ ಊಟವು ಕಾಯಕದ ಊಟವಾಗುತ್ತದೆ. ಗವಿಯ ಗೋಡೆಯ ಮೇಲೆ ಹೆಸರು ಗೀಚುವುದು, ಕೆರೆಯ ದಂಡೆಯಲ್ಲಿ ಕಸ ಎಸೆಯುವುದು ಶರಣರಿಗೆ ಮಾಡುವ ಅಪಚಾರ. ತಾನೊಬ್ಬನೇ ಹೋಗುವುದರ ಬದಲು, ತಾವಾಗಿ ಹೋಗಲಾರದ ಒಬ್ಬರನ್ನಾದರೂ ಜೊತೆಗೆ ಕರೆದೊಯ್ಯಬೇಕು. ಅವರು ನೆರೆಮನೆಯ ಮುದುಕಿಯಾಗಬಹುದು, ಹೊಲದಲ್ಲಿ ದುಡಿಯುವ ಆಳಾಗಬಹುದು. ಅವರ ಕೈಹಿಡಿದು ಮೆಟ್ಟಿಲು ಹತ್ತಿಸಿದ ನೆನಪು ಯಾವ ಚಿತ್ರಕ್ಕಿಂತಲೂ ಹೆಚ್ಚು ಕಾಲ ಉಳಿಯುತ್ತದೆ. ಅಲ್ಲಿಯ ಜನರೊಡನೆ ಮಾತನಾಡಬೇಕು. ಎಳ್ಳಮಾವಾಸ್ಯೆಯ ದಿನ ಈ ಸೀಮೆಯ ಒಕ್ಕಲುಮಕ್ಕಳು ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ, ಸಜ್ಜೆಯ ರೊಟ್ಟಿ, ಅಂಬಲಿಗಳನ್ನು ನಂಟರು ಇಷ್ಟರನ್ನೆಲ್ಲ ಕರೆದು ಉಣಬಡಿಸುತ್ತಾರೆ. ಆ ಬುತ್ತಿಯ ಮುಂದೆ ಕುಳಿತವನಿಗೆ ದಾಸೋಹವೆಂದರೇನೆಂದು ಪುಸ್ತಕವು ಹೇಳಿಕೊಡಬೇಕಾಗಿಲ್ಲ.

ಇಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಮಾತನ್ನು ನೆನೆಯಬೇಕು. ಪತಿಯು ಒಂದು ದಿನ ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ ಆ ತಾಯಿಯು ಹಿಗ್ಗಲಿಲ್ಲ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದರು. ಯಾತ್ರಿಕನಿಗೂ ಇದೇ ನಿಯಮ. ಒಂದು ದಿನದಲ್ಲಿ ಇಪ್ಪತ್ತು ಸ್ಥಳಗಳನ್ನು ರಾಶಿ ಹಾಕುವುದೂ ಒಂದು ಬಗೆಯ ಆಸೆಯೇ. ಆ ರಾಶಿಯಲ್ಲಿ ಒಂದು ಕಾಳೂ ಬೇಯುವುದಿಲ್ಲ. ಎರಡು ಸ್ಥಳಗಳನ್ನು ಆರಿಸಿಕೊಂಡು, ಅಲ್ಲಿ ಕುಳಿತು, ಓದಿಕೊಂಡು ಬಂದ ವಚನವನ್ನು ಗಟ್ಟಿಯಾಗಿ ಹೇಳಿ, ಸ್ವಲ್ಪ ಹೊತ್ತು ಮೌನವಾಗಿದ್ದು ಬಂದರೆ ಅದೇ ಸಾಕು. ಉಳಿದುದನ್ನು ಮತ್ತೊಮ್ಮೆ ಬಂದಾಗ ನೋಡಬಹುದು, ನೋಡದಿದ್ದರೂ ನಷ್ಟವಿಲ್ಲ.

ಮರಳಿದ ಮೇಲೆ ಅನುಭಾವ ಬೇಕು. ಕಲ್ಯಾಣದಿಂದ ಹೊರಬಿದ್ದ ಶರಣರ ನಡೆಯು ಇದಕ್ಕೆ ಮಾರ್ಗದರ್ಶಕವಾಗಿದೆ. ಹನ್ನೆರಡನೆಯ ಶತಮಾನದಲ್ಲಿ ಕ್ರಾಂತಿಯ ಕಿಚ್ಚು ಹೊತ್ತಿ ಊರನ್ನು ತೊರೆಯಬೇಕಾಗಿ ಬಂದಾಗ ಶರಣರು ಹೊತ್ತುಕೊಂಡು ಹೋದುದು ಹೊನ್ನನ್ನಲ್ಲ, ವಚನಗಳ ಕಟ್ಟುಗಳನ್ನು ಎಂದು ಪರಂಪರೆಯು ನೆನೆಯುತ್ತದೆ. ಚನ್ನಬಸವಣ್ಣನವರ ನೇತೃತ್ವದಲ್ಲಿ ಉಳವಿಯ ಕಡೆಗೆ ನಡೆದ ಆ ತಂಡವು ಮಡಿವಾಳ ಮಾಚಯ್ಯನವರಂಥ ವೀರರ ರಕ್ಷಣೆಯಲ್ಲಿ ಅವುಗಳನ್ನು ಉಳಿಸಿತು. ಆ ಬಳಿಕ ಮಠಗಳಲ್ಲಿಯೂ ಮನೆಗಳಲ್ಲಿಯೂ ಎಷ್ಟೋ ತಾಳೆಗರಿಯ ಕಟ್ಟುಗಳು ಪೂಜೆಗೊಳ್ಳುತ್ತ, ಓದುವವರಿಲ್ಲದೆ ಉಳಿದುಬಂದವು. ಫ. ಗು. ಹಳಕಟ್ಟಿಯವರು ಊರೂರು ಅಲೆದು ಅವುಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ತೊಡಗಿದರು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಅವರ ಆ ಅಲೆದಾಟಕ್ಕಿಂತ ದೊಡ್ಡದಾದ ಯಾತ್ರೆಯನ್ನು ಈಚಿನ ಕಾಲದಲ್ಲಿ ಕಾಣುವುದು ಕಷ್ಟ. ಶರಣರು ಕಲ್ಯಾಣದಿಂದ ಹೊತ್ತೊಯ್ದುದನ್ನು ಅವರು ಮನೆಮನೆಗೆ ಮುಟ್ಟಿಸಿದರು.

ಗೃಹಸ್ಥನಿಗೆ ಅಷ್ಟು ದೊಡ್ಡ ಕಾರ್ಯವು ಸಾಧ್ಯವಾಗದಿರಬಹುದು. ಆದರೆ ಅವನೂ ಬರಿಗೈಯಿಂದ ಮರಳಬಾರದು. ಬಂದ ದಿನ ರಾತ್ರಿ ಮನೆಯವರೆಲ್ಲ ಕುಳಿತು, ಹೋಗದೆ ಉಳಿದವರಿಗೆ ಕಂಡುದನ್ನು ಕೇಳಿದುದನ್ನು ಹೇಳಬೇಕು. ಹೇಳಿದಾಗಲೇ ಕಂಡುದು ಅನುಭವವಾಗುತ್ತದೆ. ಬಳಿಕ ಒಂದೇ ಒಂದು ಸಂಕಲ್ಪವನ್ನು ಕೈಗೊಳ್ಳಬೇಕು. ಅದು ಸಣ್ಣದಾದರೂ ಚಿಂತೆಯಿಲ್ಲ, ನಡೆಯುವಂಥದಾಗಿರಬೇಕು. ಬೇರೆಯಾಗಿ ಇರಿಸಿದ್ದ ಲೋಟವನ್ನು ತೆಗೆದುಹಾಕುವುದು, ದುಡಿದವನ ಕೂಲಿಯನ್ನು ಅಂದಂದೇ ಕೊಡುವುದು, ಮುನಿದು ದೂರವಾದ ದಾಯಾದಿಯ ಮನೆಗೆ ತಾನೇ ಮೊದಲು ಹೋಗಿ ಶರಣೆನ್ನುವುದು ಇವೆಲ್ಲವೂ ಕಲ್ಯಾಣದಿಂದ ತರಬಹುದಾದ ಪ್ರಸಾದವೇ. ನೆರೆಹೊರೆಯವರು ಆ ಮನೆಯ ನಡೆಯನ್ನು ಕಂಡು, ಇವರು ಕಲ್ಯಾಣಕ್ಕೆ ಹೋಗಿಬಂದವರು ಎಂದು ತಾವಾಗಿಯೇ ಅರಿಯುವಂತಾಗಬೇಕು.

ಆದುದರಿಂದ ಯಾತ್ರೆಯ ದೂರವನ್ನು ಹೋಗುವಾಗ ಅಳೆಯದೆ, ಬಂದ ಮೇಲೆ ಅಳೆಯುವುದು ಯುಕ್ತವಾಗಿದೆ. ಹುಮನಾಬಾದಿನಿಂದ ಬಸವಕಲ್ಯಾಣವು 30 ಕಿಲೋಮೀಟರು. ಬಸವಕಲ್ಯಾಣದಿಂದ ಹರಳಯ್ಯನವರ ಮಕ್ಕಳು ಕುಳಿತಿರುವ ಜಗಲಿಯು ಕೆಲವರಿಗೆ ನೂರು ಗಾವುದವಾಗಿದೆ, ಕೆಲವರಿಗೆ ಒಂದೇ ಹೆಜ್ಜೆಯಾಗಿದೆ. ಆ ಹೆಜ್ಜೆಯನ್ನಿಡುವ ಬಲವನ್ನು ಸಂಪಾದಿಸುವುದಕ್ಕಾಗಿ ಕಲ್ಯಾಣಕ್ಕೆ ಹೋಗಬೇಕು. ಅದನ್ನಿಟ್ಟ ಮನೆಯಲ್ಲಿ ಕಲ್ಯಾಣವು ತಾನಾಗಿಯೇ ಬಂದು ನೆಲೆಸುತ್ತದೆ.